ಗಟ್ಟಿ ಟ್ರಿಗರ್

ಅಂಗಿಯ ಗುಂಡಿ ಹಾಕಿಕೊಳ್ಳಲು ಈಗ ಅವನಿಗೆ ಕನ್ನಡಿ ಬೇಕು. ಮೊದಲು ಅದು ಬೆರಳುಗಳಿಗೇ ಬಿಟ್ಟ ಕೆಲಸವಾಗಿತ್ತು. ತಲೆ ಎಲ್ಲೋ ಇರುತ್ತಿತ್ತು, ಬೆರಳುಗಳು ತಮ್ಮಷ್ಟಕ್ಕೆ ಕತ್ತಿನಿಂದ ಸೊಂಟದವರೆಗೆ ಇಳಿದು ಮುಗಿಸಿರುತ್ತಿದ್ದವು. ಈಗ ಬಲಗೈಯ ತೋರುಬೆರಳು ಗುಂಡಿಯ ಮೇಲಿದೆಯೋ ಬಟ್ಟೆಯ ಮೇಲಿದೆಯೋ ಎಂಬುದನ್ನು ಕಣ್ಣು ನೋಡಿ ಹೇಳಬೇಕು. ಶುರುವಾದಾಗ ಅದು ಬರೀ ಜೋಮು. ಕೈಮೇಲೆ ತಲೆಯಿಟ್ಟು ಮಲಗಿದ್ದಕ್ಕೆ ಹೀಗಾಗಿದೆ ಎಂದುಕೊಂಡು ಝಾಡಿಸಿದ್ದ, ತಿಕ್ಕಿದ್ದ, ಬಿಸಿನೀರಿನಲ್ಲಿ ಅದ್ದಿದ್ದ. ಡಾಕ್ಟರು ಕತ್ತಿನ ನರ ಎಂದರು, ಮಾತ್ರೆ ಬರೆದುಕೊಟ್ಟರು, ಮತ್ತೆ ಬನ್ನಿ ಎಂದರು. ಅವನು ಮತ್ತೆ ಹೋಗಲಿಲ್ಲ. ಆಮೇಲೊಂದು ದಿನ ಜೋಮೂ ಹೋಯಿತು. ಹೋಯಿತಲ್ಲ ಎಂದು ಅವತ್ತು ಬೆಳಿಗ್ಗೆ ಖುಷಿಯಾಗಿಯೇ ಇದ್ದ, ಟೀ ಲೋಟ ಹಿಡಿದ ಬೆರಳ ತುದಿಯಲ್ಲಿ ಬೊಬ್ಬೆ ಎದ್ದದ್ದನ್ನು ಮಗಳು ತೋರಿಸುವ ತನಕ. ಈಗ ಆ ಜೋಮಾದರೂ ಇರಬಾರದಿತ್ತೇ ಅನ್ನಿಸುತ್ತದೆ. ಜೋಮು ಎಂದರೆ ಬೆರಳು ಇನ್ನೂ ಮನೆಯಲ್ಲೇ ಇದೆ, ಬಾಗಿಲು ತೆಗೆಯಲು ತಡಮಾಡುತ್ತಿದೆ ಎಂದು ಅರ್ಥ. ಇಷ್ಟು ವರ್ಷ ಅವನಿಗೆ ಅನ್ನ ಹಾಕಿದ್ದು ಈ ಬೆರಳೇ. ಹಣ ಸಾಗಿಸುವ ವ್ಯಾನುಗಳಿಗೆ ಕಾವಲುಗಾರರನ್ನು ಒದಗಿಸುವ ಕಂಪನಿಯೊಂದರಲ್ಲಿ ಅವನು ಗುಂಡು ಹೊಡೆಯುವುದನ್ನು ಕಲಿಸುತ್ತಿದ್ದ. ಕಲಿಸುವವನಾದ್ದರಿಂದ ಎಲ್ಲರ ಬಾಯಲ್ಲೂ ಮೇಷ್ಟ್ರು. ಪಿಸ್ತೂಲಿನ ಟ್ರಿಗರನ್ನು ಒಮ್ಮೆ ಎಳೆದು, ಎಲ್ಲಿ ಸಡಿಲ, ಎಲ್ಲಿ ತಡೆಯುತ್ತದೆ, ಎಷ್ಟು ಭಾರಕ್ಕೆ ಬಿಟ್ಟುಕೊಡುತ್ತದೆ ಎಂದು ಮೇಷ್ಟ್ರು ಹೇಳಿದರೆ ಆಮೇಲೆ ಆ ಭಾರ ಅಳೆಯುವ ಕೊಕ್ಕೆಯನ್ನು ಟ್ರಿಗರಿಗೆ ನೇತುಹಾಕಿ ನೋಡುವವರು ಬರೀ ಶಾಸ್ತ್ರಕ್ಕೆ ನೋಡುತ್ತಿದ್ದರು. ಮೇಲಿನ ಗುಂಡಿ ಕೊನೆಗೂ ಸೇರಿತು. ಅವನು ಕನ್ನಡಿಯಲ್ಲಿ ತನ್ನ ಮುಖ ನೋಡದೆ ಹೊರಗೆ ಬಂದ.

ಅಡುಗೆಮನೆಯಲ್ಲಿ ಮಗಳು ಮೊಮ್ಮಗಳ ಜಡೆ ಹಾಕುತ್ತಿದ್ದಳು. ಹೆಂಡತಿ ತೀರಿಕೊಂಡ ಮೇಲೆ ಮಗಳು, ಅಳಿಯ, ಮಗು ಮೂವರೂ ಅವನ ಜೊತೆಗೇ ಬಂದು ಇದ್ದರು. ಅಳಿಯನಿಗೆ ತನ್ನ ಕಂಪನಿಯಲ್ಲೇ ವ್ಯಾನ್ ಕಾವಲಿನ ಕೆಲಸ ಕೊಡಿಸಿದವನು ಅವನೇ. ಕೊಡಿಸಿದ್ದು ಸರಿಯೋ ತಪ್ಪೋ ಎಂದು ಆಗಾಗ ಯೋಚನೆ ಬರುತ್ತಿತ್ತು. ಅಳಿಯ ಒಳ್ಳೆಯವನು, ನಗುಮುಖದವನು, ಆದರೆ ಅವನ ಕೈಗೆ ಕಾಯುವುದು ಗೊತ್ತಿಲ್ಲ. ಲಿಫ್ಟ್ ಬರುವ ತನಕ ಅದರ ಗುಂಡಿಯನ್ನು ಒತ್ತುತ್ತಲೇ ಇರುವ ಜಾತಿ. ಯಾರ ಮನೆಯ ಮುಂದೆ ನಿಂತರೂ ಒಳಗಿನವರು ಚಪ್ಪಲಿ ಹುಡುಕುವಷ್ಟರಲ್ಲಿ ಬೆಲ್ಲನ್ನು ಮತ್ತೊಮ್ಮೆ ಒತ್ತಿರುತ್ತಿದ್ದ. 'ಅಪ್ಪ, ಇವತ್ತೇ ಅಲ್ವಾ ಹೊಸ ಪಿಸ್ತೂಲು ನೋಡೋದು?' ಎಂದಳು ಮಗಳು, ರಿಬ್ಬನ್ ಹಲ್ಲಿನಲ್ಲಿ ಕಚ್ಚಿಕೊಂಡೇ. 'ಯಾವುದು ತಗೊಳ್ಬೇಕು ಅಂತ ನೀನೇ ತಾನೇ ಹೇಳೋದು. ಸ್ವಲ್ಪ ಗಟ್ಟಿ ಇರೋದನ್ನೇ ಹೇಳು. ಇವರ ಕೈ ನಿನಗೆ ಗೊತ್ತಲ್ಲ.' ಬೂಟಿಗೆ ಪಾಲಿಶ್ ಹಾಕುತ್ತಿದ್ದ ಅಳಿಯ ತಲೆಯೆತ್ತದೆ ನಕ್ಕ. 'ನನ್ನ ಕೈಗೇನಾಗಿದೆ? ನಿನ್ನ ಬಾಯಿಗಿಂತ ವಾಸಿ.' ಅವನೂ ನಗಬೇಕೆಂದು ನಕ್ಕ. ಗಟ್ಟಿ ಇರುವುದನ್ನೇ ಹೇಳುತ್ತೇನೆ ಎಂದ. ಹೇಳುವಾಗ ಎಡಗೈಯಿಂದ ಲೋಟ ಎತ್ತಿಕೊಂಡ. ಎಡಗೈಯಲ್ಲಿ ಟೀ ಕುಡಿಯುವುದು ಏಕೆ ಎಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಬೊಬ್ಬೆ ಎದ್ದ ದಿನ ಮಗಳು ಬೈದಿದ್ದು ಅವನ ಅಜಾಗ್ರತೆಗೆ.

ಜಡೆ ಮುಗಿದು ಮೊಮ್ಮಗಳು ಓಡಿಬಂದು ಮೊಣಕಾಲಿಗೆ ಆತುಕೊಂಡಳು. ಅವನು ಅವಳ ತಲೆಯ ಮೇಲೆ ಅಂಗೈ ಇಟ್ಟ, ಬೆರಳು ಇಡಲಿಲ್ಲ. ಹಿಂದೊಮ್ಮೆ ಬೆರಳಿಟ್ಟಿದ್ದ. ಮಗಳು ಒಲೆಯ ಮುಂದಿನಿಂದ, 'ಅಪ್ಪ, ಯಾಕೋ ಮಂಕಾಗಿದ್ದಾಳೆ, ಒಂದ್ಸಲ ಹಣೆ ಮುಟ್ಟಿ ನೋಡು' ಎಂದಿದ್ದಳು. ಅವನು ಪೇಪರಿನಿಂದ ಕಣ್ಣು ತೆಗೆಯದೆ, ಎಂದಿನ ಅಭ್ಯಾಸದಂತೆ ತೋರುಬೆರಳ ತುದಿಯನ್ನು ಹಣೆಗೆ ತಾಗಿಸಿ, 'ಏನಿಲ್ಲ, ತಣ್ಣಗಿದೆ' ಎಂದಿದ್ದ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಬಿಸಿ ಗೊತ್ತಾಗಲಿಲ್ಲ, ಅದಕ್ಕೆ ತಣ್ಣಗಿದೆ ಎಂದ. ಗೊತ್ತಾಗದಿರುವುದಕ್ಕೂ ತಣ್ಣಗಿರುವುದಕ್ಕೂ ವ್ಯತ್ಯಾಸ ಇದೆಯೆಂದು ಆಗ ಹೊಳೆಯಲೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಮಗು ಕಣ್ಣು ಮೇಲೆ ಮಾಡಿ ಸೆಟೆದುಕೊಂಡಿತು. ಆಸ್ಪತ್ರೆಯ ಬೆಂಚಿನ ಮೇಲೆ ಮಗಳು ಅವನ ತೋಳು ಹಿಡಿದುಕೊಂಡು ಕೂತಿದ್ದಳು. ನರ್ಸು, ಮಕ್ಕಳಿಗೆ ಜ್ವರ ಹೀಗೇ ಇದ್ದಕ್ಕಿದ್ದಂತೆ ಏರಿಬಿಡುತ್ತದೆ, ಮನೆಯವರಿಗೆ ಗೊತ್ತೇ ಆಗುವುದಿಲ್ಲ ಎಂದಳು. ಹೌದಮ್ಮ, ಅಪ್ಪ ಮುಟ್ಟಿ ನೋಡಿದಾಗ ತಣ್ಣಗೇ ಇತ್ತು ಎಂದು ಮಗಳು ಸಾಕ್ಷಿ ಹೇಳಿದಳು. ಅವನು ಗೋಡೆಯ ಮೇಲಿನ ಗಡಿಯಾರ ನೋಡುತ್ತ ಕೂತಿದ್ದ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ, ಬೆರಳಿನದೇ ಕಾಯಿಲೆ ಒಳಗೂ ಇಳಿಯುತ್ತಿದೆಯೇನೋ ಎಂದು ಸುಮ್ಮನೆ ಅನ್ನಿಸಿತು. 'ತಾತ, ಟಾಟಾ' ಎಂದಳು ಈಗ ಮೊಮ್ಮಗಳು, ಮೊಣಕಾಲು ಬಿಟ್ಟು. ಸ್ಕೂಟರಿನ ಹಿಂದೆ ಅವನು ಹತ್ತಿ ಕೂರುವ ಮೊದಲೇ ಅಳಿಯ ಗಾಡಿ ಶುರುಮಾಡಿ ಆಕ್ಸಿಲರೇಟರ್ ತಿರುವುತ್ತಿದ್ದ.

ಮನೆಯಲ್ಲಿ ಅಳಿಯನನ್ನು ಅವನು ನೀವು ಎನ್ನುತ್ತಿದ್ದ. ಕಂಪನಿಯ ಗೇಟು ದಾಟಿದ ಮೇಲೆ ಉಳಿದ ಕಾವಲುಗಾರರಂತೆ ಅವನಿಗೂ ನೀನು. ಈ ವ್ಯವಸ್ಥೆಯನ್ನು ಯಾರೂ ಮಾತಾಡಿ ಮಾಡಿಕೊಂಡದ್ದಲ್ಲ. ಗೇಟಿನ ಬಳಿ ಸ್ಕೂಟರ್ ನಿಲ್ಲಿಸುವ ತನಕ, 'ನೀವು ನಿಧಾನಕ್ಕೆ ತಿರುಗಿಸಿ' ಎಂದವನು ಇಳಿದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ, 'ಹನ್ನೊಂದಕ್ಕೆ ರೇಂಜಿಗೆ ಬಾ, ನಿನ್ನ ಹೆಸರೂ ಇದೆ' ಎಂದ. ಮ್ಯಾನೇಜರು ಈ ಸಲ ಮೇಷ್ಟ್ರು ಮಾತ್ರ ಹೊಡೆದು ನೋಡಿದರೆ ಸಾಲದು, ದಿನಾ ಸೊಂಟಕ್ಕೆ ಕಟ್ಟಿಕೊಳ್ಳುವ ಹುಡುಗರೂ ಒಂದಿಬ್ಬರು ಹೊಡೆಯಲಿ ಎಂದಿದ್ದರು. ಅಳಿಯ, 'ಆಯ್ತು ಸಾರ್' ಎಂದು ಹೋದ. ಆ 'ಸಾರ್' ಕೇಳಿದಾಗಲೆಲ್ಲ ಅವನಿಗೆ ಒಂದು ಚಿಕ್ಕ ಸಂಕೋಚವಾಗುತ್ತಿತ್ತು. ಇವತ್ತು ಅದೂ ಆಗಲಿಲ್ಲ.

ರೇಂಜು ಎಂದರೆ ನೆಲಮಾಳಿಗೆಯ ಉದ್ದನೆಯ ಕೋಣೆ, ಒಂದು ತುದಿಯಲ್ಲಿ ಮೇಜು, ಇನ್ನೊಂದು ತುದಿಯಲ್ಲಿ ಮರಳಿನ ದಿಬ್ಬದ ಮುಂದೆ ನೇತಾಡುವ ಕಾಗದದ ಗುರಿಗಳು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಮೇಜಿನ ಮೇಲಿನ ಹಸಿರು ಬಟ್ಟೆಗೆ ಆಸ್ಪತ್ರೆಯ ಕಳೆ ಬಂದಿತ್ತು. ಅದರ ಮೇಲೆ ಮೂರು ಪಿಸ್ತೂಲು. ಒಂದು, ಇಷ್ಟು ದಿನ ಕಾವಲುಗಾರರ ಸೊಂಟದಲ್ಲಿದ್ದದ್ದು, ಅಂಚುಗಳೆಲ್ಲ ಸವೆದು ಬೆಳ್ಳಗಾದದ್ದು. ಅದಕ್ಕೆ ಹಳೆಯದು ಎಂದೇ ಹೆಸರು. ಇನ್ನೊಂದು ಪೂರ್ತಿ ಉಕ್ಕಿನದು, ಭಾರ, ಬೆಲೆಯೂ ಭಾರ. ಮೂರನೆಯದು ಪ್ಲಾಸ್ಟಿಕ್ ಮೈಯ ಕಪ್ಪು ಪಿಸ್ತೂಲು, ಮಾರುವವರು ನೋಡಿ ಎಂದು ಕಳಿಸಿದ ಮಾದರಿ. ಆಯುಧಗಳನ್ನು ಬಿಚ್ಚಿ ಜೋಡಿಸುವ ಹೆಂಗಸು, ಎಲ್ಲರೂ ಮೆಕ್ಯಾನಿಕ್ ಎಂದೇ ಕರೆಯುವವಳು, ಮ್ಯಾಗಜೀನುಗಳಿಗೆ ಗುಂಡು ತುಂಬುತ್ತ, 'ಮೇಷ್ಟ್ರೇ, ಅಳತೆಯ ಕೊಕ್ಕೆ ರಿಪೇರಿಗೆ ಹೋಗಿದೆ, ಮುಂದಿನ ವಾರ ಬರುತ್ತೆ' ಎಂದಳು. ಮ್ಯಾನೇಜರು ಕೈ ಬೀಸಿದರು. 'ಕೊಕ್ಕೆ ಯಾಕ್ರೀ, ಮೇಷ್ಟ್ರ ಬೆರಳಿದೆಯಲ್ಲ.' ಮ್ಯಾನೇಜರು ಕೆಟ್ಟವರಲ್ಲ. ಬಂದೂಕಿನ ಬಗ್ಗೆ ತಮಗೆ ಏನೂ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವವರು, ಗೊತ್ತಿದ್ದವರನ್ನು ಮನಸಾರೆ ಹೊಗಳುವವರು. ಆ ಹೊಗಳಿಕೆಯನ್ನು ಅವನು ಇಷ್ಟು ವರ್ಷ ಸಂಬಳದ ಜೊತೆಗೇ ತೆಗೆದುಕೊಂಡು ಬಂದಿದ್ದ. ಇವತ್ತು ಅದನ್ನು ಬೇಡವೆನ್ನಲು ಒಂದು ಕ್ಷಣವಿತ್ತು. ಕೊಕ್ಕೆ ಬರುವ ತನಕ ಕಾಯೋಣ ಸಾರ್ ಎಂದರೆ ಮುಗಿಯುತ್ತಿತ್ತು. ಅವನು ಅಂಗಿಯ ತೋಳು ಮಡಚಿದ.

ಹಳೆಯದನ್ನು ಎತ್ತಿಕೊಂಡ. ಖಾಲಿ ಇದೆಯೆಂದು ತೆರೆದು ನೋಡಿ, ದೂರದ ಗುರಿಯ ಕಡೆ ಹಿಡಿದು ಎಳೆದ. ಟಕ್ಕೆಂದಿತು. ಬೆರಳಿನಿಂದ ಏನೂ ಬರಲಿಲ್ಲ. ಫೋನಿನ ಆ ಕಡೆ ಯಾರೋ ಎತ್ತಿಕೊಂಡು ಮಾತಾಡದೆ ಇದ್ದಂತೆ. ಆದರೆ ಹೇಳುವುದಕ್ಕೆ ತೊಂದರೆಯಾಗಲಿಲ್ಲ, ಆ ಪಿಸ್ತೂಲಿನ ಎಳೆತವನ್ನು ಅವನು ನಿದ್ದೆಯಲ್ಲೂ ಹೇಳಬಲ್ಲ. 'ಉದ್ದ ಎಳೆತ, ಮಧ್ಯದಲ್ಲಿ ಸ್ವಲ್ಪ ಮರಳು ಮರಳು, ಕೊನೆಗೆ ಭಾರ. ಹೊಸಬರ ಗುಂಡು ಇದರಲ್ಲಿ ಯಾವಾಗಲೂ ಕೆಳಗೆ ಎಡಕ್ಕೆ.' ಮ್ಯಾನೇಜರು ತಲೆಯಾಡಿಸಿದರು. ಉಕ್ಕಿನದರ ಸದ್ದೇ ಬೇರೆ. 'ಇದರ ಎಳೆತ ಚಿಕ್ಕದು, ಚೊಕ್ಕ. ಒಣಗಿದ ಕಡ್ಡಿ ಮುರಿದ ಹಾಗೆ. ಗುರಿಕಾರನಿಗೆ ಹಬ್ಬ, ಕಾವಲುಗಾರನಿಗೆ ಅಪಾಯ. ಭಯದಲ್ಲಿ ಕೈ ನಡುಗಿದರೆ ಗುಂಡು ಹೋಗಿರುತ್ತೆ.' ಇದೂ ನಿಜವೇ. ಆಮೇಲೆ ಕಪ್ಪು. ಎರಡು ವರ್ಷದ ಹಿಂದೆ ಇದೇ ತಯಾರಕರ ಇದೇ ಪಿಸ್ತೂಲನ್ನು ಬೇರೊಂದು ಊರಿನ ತರಬೇತಿಯಲ್ಲಿ ಹೊಡೆದಿದ್ದ. ಆಗ ಬೆರಳು ಬದುಕಿತ್ತು. ಗಟ್ಟಿಯಾದ, ಸಮನಾದ, ಬೇಕೆಂದು ಎಳೆದರೆ ಮಾತ್ರ ಬಿಡುವ ಟ್ರಿಗರ್ ಎಂದು ಚೆನ್ನಾಗಿ ನೆನಪಿತ್ತು. ಅಳಿಯನ ಕೈಗೆ ಇದೇ ಸರಿ ಎಂದು ಬೆಳಿಗ್ಗೆ ಮಗಳು ಹೇಳುವ ಮೊದಲೇ ಅವನು ತೀರ್ಮಾನ ಮಾಡಿಯಾಗಿತ್ತು. ಎಳೆದ. ಟಕ್. 'ಇದು ಗಟ್ಟಿ' ಎಂದ. 'ಹಳೆಯದರಷ್ಟೇ ಗಟ್ಟಿ, ಆದರೆ ನಯ. ಅಕಸ್ಮಾತ್ ಬೆರಳು ತಾಗಿದರೆ ಹೋಗುವಂಥದ್ದಲ್ಲ. ವ್ಯಾನಿನವರಿಗೆ ಇದೇ.' ಮೆಕ್ಯಾನಿಕ್ ಒಮ್ಮೆ ಅವನ ಮುಖ ನೋಡಿ, ಮತ್ತೆ ಮ್ಯಾಗಜೀನಿನ ಕಡೆ ತಿರುಗಿದಳು.

ಹೊಡೆದು ನೋಡುವಾಗ ಆದದ್ದು ಅವನು ಎಣಿಸದೇ ಇದ್ದದ್ದು. ಹಳೆಯದರಲ್ಲಿ ಗುಂಡುಗಳು ಅಂಗೈಯಗಲಕ್ಕೆ ಚೆದುರಿದವು. ಉಕ್ಕಿನದರಲ್ಲಿ ಲೋಟದ ಬಾಯಿಯಷ್ಟಗಲಕ್ಕೆ ಬಿದ್ದವು. ಕಪ್ಪು ಪಿಸ್ತೂಲನ್ನು ಎತ್ತಿ, ಗುರಿಯ ಮಧ್ಯಕ್ಕೆ ಹಿಡಿದು, ಇನ್ನೇನು ಎಳೆಯಬೇಕು ಅನ್ನುವಷ್ಟರಲ್ಲಿ ಗುಂಡು ಹೋಗಿಯಾಗಿತ್ತು. ಮತ್ತೆ ಹಿಡಿದ, ಮತ್ತೆ ಹಾಗೇ. ಗುಂಡು ಹಾರುವುದು ನಿನಗೇ ಆಶ್ಚರ್ಯವಾಗಬೇಕು, ಈಗ ಹಾರುತ್ತದೆ ಎಂದು ಗೊತ್ತಾದರೆ ಕೈ ಹೆದರುತ್ತದೆ, ಹೆದರಿದ ಕೈ ಮೂತಿಯನ್ನು ಕೆಳಗೆ ತಳ್ಳುತ್ತದೆ ಎಂದು ಅವನು ನೂರಾರು ಹುಡುಗರಿಗೆ ಹೇಳಿದ್ದ. ಹೇಳಿದವನ ಕೈಯೂ ಇಷ್ಟು ವರ್ಷ ಒಳಗೊಳಗೇ ಒಂದು ಕೂದಲೆಳೆಯಷ್ಟು ಹೆದರುತ್ತಲೇ ಇತ್ತು. ಇವತ್ತು ಹೆದರುವುದಕ್ಕೆ ಬೆರಳಿಗೆ ಸುದ್ದಿಯೇ ಇರಲಿಲ್ಲ. ಕಾಗದವನ್ನು ಎಳೆದು ತಂದಾಗ ಮಧ್ಯದಲ್ಲಿ ಒಂದೇ ಒಂದು ತೂತು, ಅಂಚು ಹರಿದ, ಹೆಬ್ಬೆರಳು ತೂರಿಸಬಹುದಾದಷ್ಟು. ಜೀವಮಾನದಲ್ಲಿ ಅವನು ಹೀಗೆ ಹೊಡೆದಿರಲಿಲ್ಲ. ಮ್ಯಾನೇಜರು ಕಾಗದವನ್ನು ಬೆಳಕಿಗೆ ಹಿಡಿದು ಆ ತೂತಿನಿಂದ ಅವನನ್ನು ನೋಡಿದರು. 'ಮೇಷ್ಟ್ರೇ, ವಯಸ್ಸಾಗ್ತಾ ಆಗ್ತಾ ಹುಡುಗರಾಗ್ತಿದ್ದೀರಿ.' ಹೆಮ್ಮೆಪಡಬೇಕಾದ ಜಾಗ ಅದು. ಅಷ್ಟು ಗಟ್ಟಿ ಟ್ರಿಗರ್ ಹೇಗೆ ಇಷ್ಟು ಬೇಗ ಬಿಟ್ಟುಕೊಟ್ಟಿತು ಎಂಬ ಪ್ರಶ್ನೆ ತಲೆಯ ಅಂಚಿನಲ್ಲಿ ಬಂದು ನಿಂತಿತು. ಅವನು ಅದನ್ನು ಕೂರಿಸಿ ಮಾತಾಡಿಸಲಿಲ್ಲ.

ಅಳಿಯ ಹನ್ನೊಂದಕ್ಕೆ ಐದು ನಿಮಿಷ ಇರುವಾಗಲೇ ಬಂದು ನಿಂತಿದ್ದ. ಕಿವಿಗೆ ಮುಚ್ಚಳ ಹಾಕಿಕೊಂಡು, ಮಾವನ ಗುರಿಯ ಕಾಗದ ನೋಡಿ ಹುಬ್ಬು ಹಾರಿಸಿದ. ಹಳೆಯದರಲ್ಲಿ ಎಂದಿನಂತೆ ಕೆಳಗೆ ಎಡಕ್ಕೆ ಹೊಡೆದ. ಉಕ್ಕಿನದರಲ್ಲಿ ಪರವಾಗಿಲ್ಲ. ಆಮೇಲೆ ಕಪ್ಪನ್ನು ತೆಗೆದುಕೊಂಡ, ಮ್ಯಾಗಜೀನ್ ಹಾಕಿದ, ಗುಂಡು ನಳಿಕೆಗೆ ಏರಲೆಂದು ಮೇಲಿನ ತುಂಡನ್ನು ಎಳೆದು ಬಿಟ್ಟ, ಮತ್ತು ಪಿಸ್ತೂಲು ಇನ್ನೂ ನೆಲದ ಕಡೆಯಿಂದ ಮೇಲಕ್ಕೆ ಏಳುತ್ತಿರುವಾಗಲೇ ಗುಂಡು ಹಾರಿತು. ಕಾಂಕ್ರೀಟಿನ ಚಕ್ಕೆಯೊಂದು ಎದ್ದು ಮೇಜಿನ ಕಾಲಿಗೆ ಬಡಿಯಿತು. ಬೂಟಿನ ಮೂತಿಯಿಂದ ಗೇಣು ದೂರದಲ್ಲಿ ನೆಲದ ಮೇಲೆ ಬಿಳಿ ಗಾಯ. ಮೆಕ್ಯಾನಿಕ್ ಮುಂದೆ ಬಂದು, ಅಳಿಯನ ಕೈಯಿಂದ ಪಿಸ್ತೂಲನ್ನು ಮೆಲ್ಲಗೆ ಬಿಡಿಸಿಕೊಂಡು ಖಾಲಿ ಮಾಡಿದಳು. ಅಳಿಯನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅವನು ಕಿವಿಯ ಮುಚ್ಚಳ ತೆಗೆಯುವುದನ್ನೂ ಮರೆತು, ತನಗೆ ಕೇಳಿಸದ ಕಾರಣ ಜೋರಾಗಿ, 'ಮಾವ, ಸುಮ್ನೆ ತಾಗಿದ್ದಷ್ಟೇ. ನಾನು ಎಳೀಲೇ ಇಲ್ಲ' ಎಂದ. ಗೇಟಿನ ಒಳಗೆ ಅವನು ಮಾವ ಎಂದದ್ದು ಅದೇ ಮೊದಲು.

ಗುರಿ ಹಿಡಿಯುವ ತನಕ ಬೆರಳು ಟ್ರಿಗರಿನ ಹೊರಗಿರಬೇಕು ಎನ್ನುವುದು ಮೊದಲ ದಿನದ ಮೊದಲ ಪಾಠ. ಅಳಿಯನ ಬೆರಳು ಒಳಗಿತ್ತು, ಅದು ತಪ್ಪೇ. ಆದರೆ ಗಟ್ಟಿ ಟ್ರಿಗರಾಗಿದ್ದರೆ ಆ ತಪ್ಪಿಗೆ ಒಂದು ಬೈಗುಳ ಸಾಕು, ಗುಂಡು ಹೋಗುತ್ತಿರಲಿಲ್ಲ. ಮ್ಯಾನೇಜರಿಗೂ ಅಷ್ಟು ಗೊತ್ತಿತ್ತು. ಅವರು ಬೆವರು ಒರೆಸಿಕೊಂಡು ಅವನ ಕಡೆ ತಿರುಗಿದರು. 'ಮೇಷ್ಟ್ರೇ, ಇದು ಗನ್ನಿನ ತಪ್ಪಾ, ಇವನ ತಪ್ಪಾ? ಟ್ರಿಗರ್ ಏನಾದ್ರೂ ಹಗುರ ಇದೆಯಾ?' ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅಳಿಯನೂ ನೋಡುತ್ತಿದ್ದ, ಬಾಯಿ ಸ್ವಲ್ಪ ತೆರೆದುಕೊಂಡು, ಪರೀಕ್ಷೆಯ ಹೊತ್ತಿನಲ್ಲಿ ಕೊನೆಯ ಬೆಂಚಿನವನು ಮೇಷ್ಟ್ರನ್ನು ನೋಡುವ ಹಾಗೆ. ಉತ್ತರ ಅವನ ಬಾಯಿಗೆ ಬೆರಳಿನ ಮೂಲಕ ಬರಬೇಕಿತ್ತು, ದಾರಿ ಮುಚ್ಚಿತ್ತು. 'ಗಟ್ಟಿ ಇದೆ ಅಂತ ಆಗಲೇ ಹೇಳಿದ್ದೀನಲ್ಲ' ಎಂದ. ತನ್ನದೇ ಧ್ವನಿ ಚೆನ್ನಾಗಿ, ಸ್ಥಿರವಾಗಿ ಕೇಳಿಸಿತು. ಮ್ಯಾನೇಜರು ಅಳಿಯನಿಗೆ ಗುರುತಿನ ಕಾರ್ಡು ಮೇಜಿನ ಮೇಲಿಡಲು ಹೇಳಿದರು. ಬೇಜಾರು ಮಾಡ್ಕೋಬೇಡಿ, ಇಂಥ ಕೈಯನ್ನ ಜನರ ನಡುವೆ ಕಳಿಸಕ್ಕಾಗಲ್ಲ ಎಂದರು, ಅಳಿಯನಿಗಲ್ಲ, ಅವನಿಗೆ. ಅಳಿಯ ಕೊರಳಿನಿಂದ ದಾರ ತೆಗೆದು, ಕಾರ್ಡನ್ನು ಹಸಿರು ಬಟ್ಟೆಯ ಮೇಲೆ, ಮೂರು ಪಿಸ್ತೂಲುಗಳ ಪಕ್ಕದಲ್ಲಿ ಇಟ್ಟು, ಮೆಟ್ಟಿಲು ಹತ್ತಿ ಹೋದ. ಈ ಸಲ ಅವನ ನಡಿಗೆಯಲ್ಲಿ ಆತುರವಿರಲಿಲ್ಲ.

ಆಮೇಲೆ ಆಯುಧ ಇಡುವ ಕೋಣೆಯಲ್ಲಿ ಅವನು ಸ್ಟೂಲಿನ ಮೇಲೆ ಕೂತಿದ್ದ. ಎಣ್ಣೆಯ ವಾಸನೆ, ಗೋಡೆಯ ಮೊಳೆಗಳಿಗೆ ನೇತಾಡುವ ಬ್ರಷ್ಷುಗಳು, ಕಬ್ಬಿಣದ ಬೀರುವಿನ ಮೇಲೆ ಯಾರೋ ಅಂಟಿಸಿದ ನಗುಮುಖದ ಸ್ಟಿಕರ್. ಮಗಳಿಗೆ ಏನು ಹೇಳುವುದು ಎಂದು ಯೋಚಿಸಬೇಕು ಎಂದು ಯೋಚಿಸುತ್ತಿದ್ದ. ಏನೂ ಅನ್ನಿಸದಿರುವುದರಲ್ಲಿ ಒಂದು ಸುಖವಿತ್ತು. ಹಲ್ಲು ಕೀಳಿಸಿಕೊಂಡು ಬಂದವನು ಕೆನ್ನೆಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುವಂಥ ಸುಖ. ಮೆಕ್ಯಾನಿಕ್ ಕಪ್ಪು ಪಿಸ್ತೂಲನ್ನು ಬಿಚ್ಚಿ, ದೀಪದ ಕೆಳಗೆ ಒಂದೊಂದೇ ತುಂಡನ್ನು ತಿರುಗಿಸಿ ನೋಡುತ್ತಿದ್ದಳು. ಕೊನೆಗೆ ಒಂದು ಚಿಕ್ಕ ತುಂಡನ್ನು ಅವನ ಮುಂದೆ ಹಿಡಿದಳು. 'ನೋಡಿ, ಇಲ್ಲಿ ಕನ್ನಡಿ ಥರ ಹೊಳೀತಿದೆ. ಉಜ್ಜಿದ್ದಾರೆ. ಸ್ಪ್ರಿಂಗೂ ಇದರದ್ದಲ್ಲ, ಬೇರೆ ಹಾಕಿದ್ದಾರೆ. ಗುರಿ ಚೆನ್ನಾಗಿ ಬೀಳ್ಲಿ ಅಂತ ಮಾದರಿಗೆ ಮಾತ್ರ ಹೀಗೆ ಕೈಯಾಡಿಸಿ ಕಳಿಸ್ತಾರೆ ಕೆಲವರು.' ಅವಳು ತುಂಡನ್ನು ಬಟ್ಟೆಯ ಮೇಲಿಟ್ಟಳು. 'ಟ್ರಿಗರ್ ಉಕ್ಕಿನದರದ್ದಕ್ಕಿಂತ ಹಗುರ ಇದೆ ಮೇಷ್ಟ್ರೇ. ಬಿಚ್ಚೋಕೆ ಮುಂಚೆ ಎಳೆದು ನೋಡಿದೆ. ನೀವು ಹೇಳಿದ್ರಲ್ಲ ಅಂತ ಮೊದಲೇ ನಾನು ನೋಡ್ಲಿಲ್ಲ.' ಅವನು ತುಂಡನ್ನು ನೋಡಿದ. ಅದು ನಿಜಕ್ಕೂ ಹೊಳೆಯುತ್ತಿತ್ತು. ಅವಳು ಕೇಳಬೇಕಾದದ್ದನ್ನು ಕೇಳಲಿಲ್ಲ. ಸುಮ್ಮನೆ ಅವನ ಬಲಗೈಯನ್ನು, ತೊಡೆಯ ಮೇಲೆ ಯಾರೋ ಮರೆತು ಹೋದ ವಸ್ತುವಿನಂತೆ ಬಿದ್ದಿದ್ದ ಕೈಯನ್ನು ನೋಡಿದಳು. ಅವನು, 'ಎಷ್ಟೋ ತಿಂಗಳಾಯ್ತು' ಎಂದ. ಅಷ್ಟೇ ಸಾಕಾಯಿತು. ಅವಳು ಪಿಸ್ತೂಲನ್ನು ಮತ್ತೆ ಜೋಡಿಸತೊಡಗಿದಳು. 'ನಾನು ಹೋಗಿ ಹೇಳ್ಲಾ, ನೀವೇ ಹೇಳ್ತೀರಾ?' ಎಂದಳು. ತಾನೇ ಹೇಳುತ್ತೇನೆ ಎಂದ.

ಮ್ಯಾನೇಜರ ಕೋಣೆಯಲ್ಲಿ ಹರಿದ ತೂತಿನ ಕಾಗದ ಆಗಲೇ ಗೋಡೆಗೆ ಏರಿತ್ತು. ಅದರ ಕೆಳಗೆ ನಿಂತು ಅವನು ಹೇಳಿದ. ಟ್ರಿಗರ್ ಹಗುರ ಇದೆ ಎಂದ, ಮಾರುವವರು ಕೈಯಾಡಿಸಿದ್ದಾರೆ ಎಂದ, ತನಗೆ ಗೊತ್ತಾಗಲಿಲ್ಲ ಎಂದ. ಮ್ಯಾನೇಜರು ಕೂರಿಸಿ, ನೀರು ತರಿಸಿದರು. ಪೂರ್ತಿ ಕೇಳಿದ ಮೇಲೆ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. 'ನಿಮ್ಮ ಸಂಕಟ ನನಗೆ ಅರ್ಥ ಆಗುತ್ತೆ ಮೇಷ್ಟ್ರೇ. ಮಗಳ ಗಂಡ. ನಾನಾಗಿದ್ರೂ ಏನಾದ್ರೂ ದಾರಿ ಹುಡುಕ್ತಿದ್ದೆ.' ಇಲ್ಲ ಸಾರ್, ನಿಜವಾಗಿ ಬೆರಳಲ್ಲಿ ಏನೂ ಗೊತ್ತಾಗಲ್ಲ ಎಂದ ಅವನು. ಮ್ಯಾನೇಜರು ಗೋಡೆಯ ಕಡೆ ಕೈ ತೋರಿಸಿದರು. 'ಇದನ್ನ ಹೊಡೆದ ಬೆರಳಿಗಾ? ಅಳಿಯನಿಗೋಸ್ಕರ ನಿಮ್ಮ ಹೆಸರನ್ನೇ ಕೆಡಿಸ್ಕೊಳ್ತೀರಾ?' ಮೆಕ್ಯಾನಿಕ್ ಬಾಗಿಲಲ್ಲಿ ನಿಂತು ಉಜ್ಜಿದ ತುಂಡಿನ ಮಾತು ತೆಗೆದಳು. ಮ್ಯಾನೇಜರು ಅವಳನ್ನೂ ಕನಿಕರದಿಂದಲೇ ನೋಡಿದರು. ನೀವೂ ಸೇರಿಕೊಂಡ್ರಾ ಎನ್ನುವಂಥ ನೋಟ. ತಾವೇ ಎರಡು ಪಿಸ್ತೂಲು ತರಿಸಿ ಎಳೆದು ನೋಡಿ, ನನಗೆ ಎಲ್ಲಾ ಒಂದೇ ಎಂದು ಕೈಚೆಲ್ಲಿದರು. ಕೊನೆಗೂ ನಿಜ ಹೇಳಲು ಬಂದರೆ ನಂಬುವವರಿಲ್ಲ. ಅವನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಆಯಾಸ. 'ಕಣ್ಣು ಮುಚ್ಕೊಳ್ತೀನಿ ಸಾರ್' ಎಂದ. 'ಮೂರರಲ್ಲಿ ಯಾವುದನ್ನಾದ್ರೂ ಕೈಗೆ ಕೊಡಿ. ಟ್ರಿಗರ್ ಎಳೆದು ಯಾವುದು ಅಂತ ಹೇಳ್ತೀನಿ. ಹೇಳಕ್ಕಾದ್ರೆ ನಾನು ಸುಳ್ಳ, ಅಳಿಯನ್ನ ಮನೆಗೆ ಕಳ್ಸಿ. ಆಗದಿದ್ರೆ ಅವನ ಕಾರ್ಡ್ ವಾಪಸ್ ಕೊಡಿ.'

ಅಳಿಯನನ್ನು ಕರೆಸಿದರು. ಅವನು ಗೇಟಿನ ಬಳಿ ಸ್ಕೂಟರಿನ ಮೇಲೆ ಕೂತಿದ್ದನಂತೆ, ಮಾವನನ್ನು ಬಿಟ್ಟು ಹೋಗಲಾಗದೆ. ಈಗ ಮ್ಯಾನೇಜರ ಕೋಣೆಗೆ ಬಂದು ಗೋಡೆಯ ಪಕ್ಕ ನಿಂತ. ಮೆಕ್ಯಾನಿಕ್ ಮರಳು ತುಂಬಿದ ಡಬ್ಬವೊಂದನ್ನು ಮೇಜಿನ ಮೇಲಿಟ್ಟಳು. ಖಾಲಿ ಪಿಸ್ತೂಲಾದರೂ ಮೂತಿ ಅದರೊಳಗೇ ಇರಬೇಕು. ಅವನು ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದ. ಕಣ್ಣು ಮುಚ್ಚಿದ ಮೇಲೆ ತಾನು ಎಂಥ ದಡ್ಡತನ ಮಾಡಿದೆ ಎಂದು ಗೊತ್ತಾಯಿತು. ಮೊದಲ ಪಿಸ್ತೂಲು ಅಂಗೈಗೆ ಬಿದ್ದ ಕೂಡಲೇ ಅಂಗೈ ಅದನ್ನು ಗುರುತಿಸಿತು. ತಣ್ಣಗೆ, ಭಾರ, ಉಕ್ಕು. ಎಳೆದಾಗ ಕಿವಿಯೂ ಅದನ್ನೇ ಹೇಳಿತು. ಬೆರಳು ಒಂದು ಸತ್ತರೆ ಉಳಿದ ಮೈಯೆಲ್ಲ ಇಷ್ಟು ವರ್ಷ ಈ ಕಬ್ಬಿಣಗಳ ಜೊತೆ ಬದುಕಿದೆ, ಅದು ಮರೆಯುತ್ತದೆಯೇ? ಸರಿಯಾದದ್ದನ್ನು ಹೇಳಿದರೆ ಅವನು ಸುಳ್ಳನಾಗುತ್ತಾನೆ, ಅಳಿಯ ಬೀದಿಗೆ. ನಿಜವನ್ನು ನಂಬಿಸಬೇಕಾದರೆ ಸುಳ್ಳನ್ನೇ ಹೇಳಬೇಕು. 'ಹಳೆಯದು' ಎಂದ. ಎರಡನೆಯದು ಹಳೆಯದು, ಸವೆದ ಅಂಚು ಹೆಬ್ಬೆರಳ ಬುಡಕ್ಕೆ ತಾಗಿ ಎಷ್ಟು ಪರಿಚಿತವಾಗಿತ್ತೆಂದರೆ, ಅದನ್ನು ಬೇರೆ ಹೆಸರಿನಿಂದ ಕರೆಯುವಾಗ ಹೆಂಡತಿಯನ್ನು ಬೇರೆ ಹೆಸರಿನಿಂದ ಕರೆದಷ್ಟು ನೋವಾಯಿತು. ನೋವಾಯಿತಲ್ಲ ಎಂದು ಸಮಾಧಾನವೂ ಆಯಿತು. 'ಕಪ್ಪು' ಎಂದ. ಮ್ಯಾನೇಜರ ಕುರ್ಚಿ ಕಿರುಗುಟ್ಟಿತು. 'ಸರಿಯಾಗಿ ಯೋಚನೆ ಮಾಡಿ ಮೇಷ್ಟ್ರೇ' ಎಂದರು, ಬೇಡಿಕೊಳ್ಳುವ ಧ್ವನಿಯಲ್ಲಿ. ಮೂರನೆಯದು ಬಂತು. ಪ್ಲಾಸ್ಟಿಕ್ಕಿನ ಮೈ, ಹಗುರ. ಎಳೆದ, ಟಕ್ ಎಂದಿತು. 'ಉಕ್ಕಿನದು' ಎಂದ, ಉಕ್ಕಿನದಲ್ಲ ಎಂದು ಮಗುವಿಗೂ ಗೊತ್ತಾಗುವಷ್ಟು ಹಗುರವಾದದ್ದನ್ನು ಕೈಯಲ್ಲಿ ಹಿಡಿದುಕೊಂಡೇ.

ಕುರ್ಚಿ ಸರಿದು, ಯಾರೋ ತನ್ನ ಕೈಯ ಮೇಲೆ ಬಾಗಿ ನೋಡಿದ್ದು ಉಸಿರಿನಿಂದ ಗೊತ್ತಾಯಿತು. ಆಮೇಲೆ ಮ್ಯಾನೇಜರು ಡ್ರಾಯರ್ ಎಳೆದ ಸದ್ದು, ಕಾರ್ಡಿನ ಪ್ಲಾಸ್ಟಿಕ್ ಮೇಜಿಗೆ ತಾಗಿದ ಸದ್ದು. 'ತಗೊಳ್ಳಪ್ಪ' ಎಂದರು ಅಳಿಯನಿಗೆ. ಮತ್ತೆ ಮೆಕ್ಯಾನಿಕ್ಕಿಗೆ, ಅವನು ಕೋಣೆಯಲ್ಲಿ ಇಲ್ಲವೇನೋ ಎನ್ನುವಂತೆ ತಗ್ಗಿದ ದನಿಯಲ್ಲಿ, ಇನ್ನು ಮೇಲೆ ಇವರ ಕೈಗೆ ಯಾವುದನ್ನೂ ಕೊಡಬೇಡಿ, ಮಾದರಿಯನ್ನ ವಾಪಸ್ ಕಳಿಸಿಬಿಡಿ ಎಂದರು. ಅವನು ಅಂದುಕೊಂಡಂತೆಯೇ ಆಯಿತು. ನಾಟಕ ಚೆನ್ನಾಗಿ ಆಡಿದೆ ಎಂದು ಒಳಗೆ ಎಲ್ಲೋ ಒಂದು ಚಿಕ್ಕ ಜಂಬ ಕೂಡ ತಲೆಯೆತ್ತಿತು: ಮೂರಕ್ಕೆ ಮೂರೂ ಗೊತ್ತಿತ್ತು, ಬೇಕಂತಲೇ ಸೋತೆ, ಇವರು ಅಂದುಕೊಂಡಷ್ಟು ಕೆಟ್ಟಿಲ್ಲ ನಾನು. ಬೆರಳನ್ನು ಟ್ರಿಗರಿನಿಂದ ಹೊರಗೆ ತೆಗೆದು ಪಿಸ್ತೂಲಿನ ಪಕ್ಕಕ್ಕೆ ನೀಟಾಗಿ ಚಾಚಿದ, ಎಲ್ಲರಿಗೂ ಕಲಿಸಿದ ಹಾಗೆ, ಮತ್ತು ಪಿಸ್ತೂಲನ್ನು ಮರಳಿನ ಡಬ್ಬದಿಂದ ಎತ್ತಿ ಮೆಕ್ಯಾನಿಕ್ ಇದ್ದ ಕಡೆಗೆ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ. ಅವಳು ಒಂದು ಹೆಜ್ಜೆ ಪಕ್ಕಕ್ಕೆ ಸರಿದದ್ದು ಕೇಳಿಸಿತು. ಯಾಕೆ ಎಂದು ಅವನು ಕಣ್ಣು ತೆರೆಯುವ ಮೊದಲೇ ಅಳಿಯ ಹತ್ತಿರ ಬಂದು, ಮಲಗಿದ ಮಗುವನ್ನು ಎಬ್ಬಿಸುವವನಂತೆ ಭುಜ ಮುಟ್ಟಿದ.

'ಮಾವ' ಎಂದ, 'ಬೆರಳು ಇನ್ನೂ ಒಳಗೇ ಇದೆ.'

ಅವನು ಕಣ್ಣು ತೆರೆದು ನೋಡಿದ. ಬೆರಳು ಟ್ರಿಗರಿನ ಮೇಲೆ ಮಡಚಿಕೊಂಡೇ ಇತ್ತು, ಕೊನೆಯವರೆಗೂ ಎಳೆದು ಹಿಡಿದಿತ್ತು. ಅವನು ಎಡಗೈಯಿಂದ ಅದನ್ನು ಹಿಡಿದು ಹೊರಗೆ ತೆಗೆದ.